ಏಳು ಮನೆಗೆ ಒಂದು ಅಂಗಳ

ಸೊಲ್ಲಾಪುರದಿಂದ ಮುಂಬಯಿಗೆ ಹೋಗುವ ನಮ್ಮ ಕುಟುಂಬಗಳು ನೋಡಿ ಬರುವ ಸ್ಥಳಗಳು ಸಾಮಾನ್ಯವಾಗಿ ಗೊತ್ತಿದ್ದವೇ: ಬಾಂದ್ರಾದ ಬೆಟ್ಟದ ಮಾತೆ, ಮಾಹಿಮದ ಬುಧವಾರದ ನೊವೇನಾ, ಚೌಪಾಟಿ, ಗೇಟ್‌ವೇ. ಬೇಲಾಪುರ ನೋಡಿ ಬಂದೆವೆಂದು ಹೇಳಿದವರನ್ನು ನಾನು ಕಂಡಿಲ್ಲ. ಖಾಡಿಯ ಆಚೆ, ನವಿ ಮುಂಬಯಿಯಲ್ಲಿ, ಪಾರಸಿಕ್ ಗುಡ್ಡದ ಬುಡದಲ್ಲಿರುವ ಈ ಬಡಾವಣೆಯಲ್ಲಿ ಪವಾಡದ ಕ್ಷೇತ್ರವಿಲ್ಲ, ಸಮುದ್ರ ತೀರವಿಲ್ಲ. ಇರುವುದು ಮನೆಗಳು ಮಾತ್ರ. ಆದರೂ ದೇಶ ವಿದೇಶಗಳ ವಾಸ್ತುಶಿಲ್ಪ ವಿದ್ಯಾರ್ಥಿಗಳು ಅಳತೆಯ ಟೇಪು ಹಿಡಿದು ಇಲ್ಲಿಗೆ ಬರುತ್ತಾರೆ. ಕಡಿಮೆ ಆದಾಯದ ಅನೇಕ ಕುಟುಂಬಗಳು ಒತ್ತೊತ್ತಾಗಿ, ಆದರೂ ಮಾನವಾಗಿ ಬಾಳುವಂತೆ ಮನೆ ಕಟ್ಟುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಸಿಕ್ಕ ಒಳ್ಳೆಯ ಉತ್ತರಗಳಲ್ಲಿ ಇದೂ ಒಂದು.

2023ರ ಮೇ ತಿಂಗಳಲ್ಲಿ ನನ್ನ ಅಕ್ಕನ ಮಗಳು ಅಲ್ಲಿದ್ದಳು. ವಾಸ್ತುಶಿಲ್ಪ ಓದುತ್ತಿರುವ ಅವಳಿಗೂ ಅವಳ ಏಳು ಮಂದಿ ಸಹಪಾಠಿಗಳಿಗೂ ಬೇಸಿಗೆಯ ರಜೆಯಲ್ಲಿ ಆರು ವಾರಗಳ ಅಧ್ಯಯನ. ಬಡಾವಣೆಯ ಹತ್ತಿರವೇ ಬಾಡಿಗೆಗೆ ಉಳಿದು, ಮನೆಗಳನ್ನು ಅಳೆದು, ಮನೆಯವರ ಜೊತೆ ಮಾತನಾಡಿ, ಕೊನೆಗೆ ಕಡಿಮೆ ಖರ್ಚಿನ ಸಾಮೂಹಿಕ ವಸತಿಯ ಒಂದೊಂದು ನಕ್ಷೆಯನ್ನು ತಯಾರಿಸಿ ಒಪ್ಪಿಸಬೇಕು. ನಾನು ಮೂರು ದಿನಗಳ ಮಟ್ಟಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದೆ.

ಹೋಗಲು ರೊಟ್ಟಿಯಷ್ಟೇ ಕಾರಣವಾಗಿರಲಿಲ್ಲ. ಅಕ್ಕನ ಕುಟುಂಬ ಇರುವುದು ಸೊಲ್ಲಾಪುರದ ಒಂದು ಹಳೆಯ ಚಾಳಿನಲ್ಲಿ. ಹನ್ನೆರಡು ಕುಟುಂಬಗಳು, ಒಂದೇ ಪಡಸಾಲೆ. ಅದನ್ನು ಕೆಡವಿ ನಾಲ್ಕು ಮಹಡಿಯ ಕಟ್ಟಡ ಕಟ್ಟಿ ಎಲ್ಲರಿಗೂ ಒಂದೊಂದು ಫ್ಲಾಟ್ ಕೊಡುತ್ತೇವೆಂದು ಒಬ್ಬ ಬಿಲ್ಡರ್ ಒಪ್ಪಿಗೆ ಪತ್ರ ತಂದಿದ್ದ. ಮಳೆಗಾಲದಲ್ಲಿ ಸೋರುವ ಮನೆಯಲ್ಲಿದ್ದವರಿಗೆ ಫ್ಲಾಟ್ ಎಂದರೆ ಸಣ್ಣ ಮಾತಲ್ಲ. ಆದರೆ ಅಕ್ಕನ ಅತ್ತೆಗೆ ಎಪ್ಪತ್ತೆಂಟು ವರ್ಷ. ಮೊಣಕಾಲು ನೋವು. ಹೊಸ್ತಿಲ ಬಳಿ ಮೊರ ಇಟ್ಟುಕೊಂಡು ಇಂದಿಗೂ ಬೀಡಿ ಕಟ್ಟುತ್ತಾರೆ. ಮೂರನೆಯ ಮಹಡಿಯಲ್ಲಿ ಅವರು ಎಲ್ಲಿ ಕುಳಿತುಕೊಳ್ಳಬೇಕು? ಸಹಿ ಹಾಕುವ ಮೊದಲು ಮಗಳು ಕಲಿತು ಬಂದು ಏನು ಹೇಳುತ್ತಾಳೋ ನೋಡೋಣ ಎಂದು ಅಕ್ಕ ಕಾಯುತ್ತಿದ್ದಳು.

ದಾದರಿನ ದೇವಾಲಯ

ಬೆಳಗ್ಗೆ ದಾದರಿನಲ್ಲಿ ಇಳಿದೆ. ಅಕ್ಕನ ಮಗಳು ಪ್ಲಾಟ್‌ಫಾರ್ಮಿನಲ್ಲೇ ಕಾಯುತ್ತಿದ್ದಳು. "ಚಿಗವ್ವಾ, ಬೇಲಾಪುರ ನೋಡೋಕಿಂತ ಮೊದಲ ಅದನ್ನ ಕಟ್ಟಿದವರ ಗುಡಿ ನೋಡೂಣು ಬರ್ರಿ" ಎಂದು ಗೋಖಲೆ ರಸ್ತೆಗೆ ಕರೆದೊಯ್ದಳು. ಜನ ಪೋರ್ಚುಗೀಸ್ ಚರ್ಚ್ ಎಂದು ಕರೆಯುವ ರಕ್ಷಣೆಯ ಮಾತೆಯ ದೇವಾಲಯ ಅದು. ಮೊದಲ ದೇವಾಲಯ 1596ರಷ್ಟು ಹಳೆಯದು. ಈಗಿರುವ ಕಟ್ಟಡ 1974ರಿಂದ 1977ರ ನಡುವೆ ಎದ್ದದ್ದು. ಅದರ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ.

ಕೊರಿಯಾ ಗೋವಾ ಮೂಲದ ಕುಟುಂಬದವರು. 1930ರಲ್ಲಿ ಸಿಕಂದರಾಬಾದಿನಲ್ಲಿ ಹುಟ್ಟಿ, ಮುಂಬಯಿಯ ಸಂತ ಝೇವಿಯರ್ ಕಾಲೇಜಿನಲ್ಲಿ, ನಂತರ ಅಮೆರಿಕದಲ್ಲಿ ಓದಿದರು. ಸಾಬರಮತಿಯ ಗಾಂಧಿ ಸ್ಮಾರಕ ಸಂಗ್ರಹಾಲಯ, ಪಣಜಿಯ ಕಲಾ ಅಕಾಡೆಮಿ, ಬೆಂಗಳೂರಿನ ವಿಶ್ವೇಶ್ವರಯ್ಯ ಕೇಂದ್ರ ಇವೆಲ್ಲ ಅವರ ಕೃತಿಗಳೇ. 2006ರಲ್ಲಿ ಪದ್ಮವಿಭೂಷಣ ಬಂತು. 2015ರಲ್ಲಿ ತೀರಿಕೊಂಡರು.

ದಾದರಿನ ಈ ದೇವಾಲಯದಲ್ಲಿ ನಾವು ಕಂಡು ಬಲ್ಲ ಉದ್ದನೆಯ ಹಜಾರ, ಎರಡು ಗೋಪುರಗಳು ಇಲ್ಲ. ಚಾವಣಿ ಇರುವ ಜಾಗ, ಪಕ್ಕದಲ್ಲಿ ಆಕಾಶ ಕಾಣುವ ಅಂಗಳ, ಮತ್ತೆ ಚಾವಣಿ, ಹೀಗೆ ಒಂದಕ್ಕೊಂದು ಕೈಹಿಡಿದುಕೊಂಡಿವೆ. ಮೇಲೆ ದೊಡ್ಡ ಚಿಮಣಿಯಂತೆ ಎತ್ತರಕ್ಕೆ ಎದ್ದ ಕಾಂಕ್ರೀಟಿನ ಚಾವಣಿ. ಒಳಗಿನ ಬಿಸಿಗಾಳಿ ಅದರ ಮೂಲಕ ಮೇಲೇರಿ ಹೊರಗೆ ಹೋಗುತ್ತದೆ, ಅಂಗಳದ ಕಡೆಯಿಂದ ತಂಪು ಗಾಳಿ ಒಳಗೆ ಬರುತ್ತದೆ. ಮೇ ತಿಂಗಳ ಮುಂಬಯಿಯಲ್ಲಿ ಆ ಗಾಳಿಯ ಬೆಲೆ ಏನೆಂದು ಬೆವರಿದವರಿಗೇ ಗೊತ್ತು. ಸ್ವಲ್ಪ ಹೊತ್ತು ಪ್ರಾರ್ಥಿಸಿ ಹೊರಬಂದಾಗ ನನಗೆ ಅನಿಸಿದ್ದು ಇಷ್ಟು: ಅಂಗಳವೂ ಕಟ್ಟಡದ ಒಂದು ಕೋಣೆಯೇ. ಇದೇ ಮಾತು ಬೇಲಾಪುರದಲ್ಲಿ ಮತ್ತೆ ಕಾಣಲಿತ್ತು.

ನಾಯಗಾಂವದ ಚಾಳು

ಪುಲು ದಾಟಿ ದಾದರಿನ ಪೂರ್ವಕ್ಕೆ ಬಂದರೆ ನಾಯಗಾಂವ. ಅಲ್ಲಿನ ಬಿಡಿಡಿ ಚಾಳುಗಳೂ ಇವಳ ಅಧ್ಯಯನದ ಪಟ್ಟಿಯಲ್ಲಿದ್ದವು. 1920ರಲ್ಲಿ ಆಗಿನ ಸರಕಾರ ಸ್ಥಾಪಿಸಿದ ಬಾಂಬೆ ಅಭಿವೃದ್ಧಿ ಇಲಾಖೆ ಕಾರ್ಮಿಕರಿಗೆಂದು ವರಳಿ, ನಾಯಗಾಂವ, ಶಿವಡಿ ಮುಂತಾದ ಕಡೆ ಕಟ್ಟಿದ್ದು ಒಟ್ಟು 207 ಕಟ್ಟಡಗಳು. ನೆಲಮಹಡಿ ಮತ್ತು ಮೇಲೆ ಮೂರು ಮಹಡಿ. ಒಂದು ಕಟ್ಟಡದಲ್ಲಿ 80 ಕೋಣೆಗಳು. ಒಂದು ಕೋಣೆ ಸುಮಾರು 160 ಚದರ ಅಡಿ. ಅಡಿಗೆ, ಊಟ, ನಿದ್ದೆ, ಬಾಣಂತನ, ಎಲ್ಲ ಅದರಲ್ಲೇ. ಶೌಚಾಲಯ ಮಹಡಿಗೆಲ್ಲ ಸಾಮೂಹಿಕ.

ನಾವು ಹೋದಾಗ ಕೆಡವುವ ಕೆಲಸ ನಡೆದಿತ್ತು. ಉಳಿದ ಕಟ್ಟಡದ ನಡುವಿನ ಓಣಿಯಂಥ ಪಡಸಾಲೆಯಲ್ಲಿ ಬಕೆಟ್ಟು, ಸೈಕಲ್ಲು, ಚಪ್ಪಲಿ ಗೂಡು, ಅಭ್ಯಾಸ ಮಾಡುವ ಹುಡುಗರು. ಒಂದು ಬಾಗಿಲಲ್ಲಿ ಕುಳಿತಿದ್ದ ಅಜ್ಜಿ ನಮಗೆ ನೀರು ಕೊಟ್ಟರು. ಹೊಸ ಮನೆ 500 ಚದರ ಅಡಿ, ಶೌಚಾಲಯ ಒಳಗೇ ಇರುತ್ತದೆ ಎಂದು ಹೇಳುವಾಗ ಅವರ ಮುಖ ಅರಳಿತ್ತು. ರಾತ್ರಿ ಹೊತ್ತು ಪಾಳಿಯಲ್ಲಿ ನಿಂತು ಬದುಕು ಕಳೆದ ಹೆಂಗಸಿಗೆ ಸ್ವಂತದ ಒಂದು ಶೌಚಾಲಯ ಎಂದರೆ ಏನೆಂಬುದನ್ನು ಹೊರಗಿನವರು ಹಗುರಾಗಿ ಕಾಣಬಾರದು. ಚಾಳಿನ ಒಗ್ಗಟ್ಟನ್ನು ಹೊಗಳುವವರು ಮೊದಲು ಆ ಪಾಳಿಯಲ್ಲಿ ನಿಂತು ಬರಬೇಕು. ಎರಡು ವರ್ಷಗಳ ನಂತರ, 2025ರ ಆಗಸ್ಟಿನಲ್ಲಿ, ವರಳಿಯ 556 ಕುಟುಂಬಗಳಿಗೆ ಗಗನಚುಂಬಿ ಕಟ್ಟಡಗಳಲ್ಲಿ ಇಂಥ ಮನೆಗಳ ಕೀಲಿ ಸಿಕ್ಕಿತು.

"ಅಜ್ಜಿ, ಮ್ಯಾಲೆ ಹೋದ ಮ್ಯಾಲೆ ಏನು ತಪ್ಪತದ ಅನಸ್ತದ?" ಎಂದು ನಮ್ಮ ಹುಡುಗಿ ಮರಾಠಿಯಲ್ಲಿ ಕೇಳಿದಳು. ಅಜ್ಜಿ ಉತ್ತರ ಹೇಳಲಿಲ್ಲ. ತಾವು ಕುಳಿತಿದ್ದ ಹೊಸ್ತಿಲನ್ನು ಅಂಗೈಯಿಂದ ಎರಡು ಸಲ ತಟ್ಟಿದರು. ಹುಡುಗಿ ಅದನ್ನು ವಹಿಯಲ್ಲಿ ಬರೆದುಕೊಂಡಳು.

ಬೇಲಾಪುರದ ಲೆಕ್ಕ

ವಡಾಳಾದಿಂದ ಹಾರ್ಬರ್ ರೈಲು ಹಿಡಿದರೆ ಮಾನಖುರ್ದ್ ದಾಟಿ ಠಾಣೆ ಖಾಡಿಯ ಮೇಲಿನ ಸೇತುವೆ. ಆಚೆ ದಡದಲ್ಲಿ ವಾಶಿ, ಅಲ್ಲಿಂದ ಮುಂದೆ ಬೇಲಾಪುರ. ಮುಂಬಯಿಯ ಭಾರ ಇಳಿಸಲು ಖಾಡಿಯಾಚೆ ಹೊಸ ನಗರವನ್ನೇ ಕಟ್ಟಬೇಕೆಂದು 1960ರ ದಶಕದ ನಡುವಿನಲ್ಲಿ ಕೊರಿಯಾ, ಪ್ರವೀಣಾ ಮೆಹತಾ, ಶಿರೀಷ ಪಟೇಲ್ ಎಂಬ ಮೂವರು ಸಲಹೆ ಮಾಡಿದರು. ಸರಕಾರ ಒಪ್ಪಿತು. 1970ರಲ್ಲಿ ಸಿಡ್ಕೊ ಸಂಸ್ಥೆ ಹುಟ್ಟಿತು. ಆರಂಭದ ವರ್ಷಗಳಲ್ಲಿ ಕೊರಿಯಾ ಅದರ ಮುಖ್ಯ ವಾಸ್ತುಶಿಲ್ಪಿಯಾಗಿದ್ದರು. ನಂತರ 1983ರಿಂದ 1986ರ ನಡುವೆ ಬೇಲಾಪುರದ ಈ ಬಡಾವಣೆ ಆಯಿತು. ಇಂದು ಆಟೋದವರಿಗೆ ಆರ್ಟಿಸ್ಟ್ ವಿಲೇಜ್ ಎಂದರೆ ತಿಳಿಯುತ್ತದೆ.

ಜಾಗ ಸುಮಾರು 5.4 ಹೆಕ್ಟೇರ್, ಅಂದರೆ ಹದಿಮೂರು ಎಕರೆ. ಮನೆಗಳು ಸುಮಾರು 550. ಎತ್ತರದ ಕಟ್ಟಡ ಒಂದೂ ಇಲ್ಲದೆ ಇಷ್ಟು ಜನರನ್ನು ಹೇಗೆ ಕೂಡಿಸಿದರು? ಲೆಕ್ಕ ಸರಳ. ಏಳು ಮನೆಗಳ ನಡುವೆ ಒಂದು ಅಂಗಳ, ಎಂಟು ಮೀಟರ್ ಉದ್ದ, ಎಂಟು ಮೀಟರ್ ಅಗಲ. ಅಂಥ ಮೂರು ಗುಂಪು, ಅಂದರೆ 21 ಮನೆ ಸೇರಿದರೆ ಸುಮಾರು ಹನ್ನೆರಡು ಮೀಟರಿನ ಇನ್ನೊಂದು ಬಯಲು. ಅವು ಮೂರು ಕೂಡಿದರೆ ಇಪ್ಪತ್ತು ಮೀಟರಿನ ಮತ್ತೊಂದು. ಹೀಗೆ ಬೆಳೆಯುತ್ತ ಹೋಗಿ ಶಾಲೆ, ಆಟದ ಬಯಲು. ನಡುವೆ ಮಳೆನೀರು ಹರಿದುಹೋಗಲು ಒಂದು ಹಳ್ಳ. ಅಂಬೆಗಾಲಿಡುವ ಕೂಸಿಗೆ ಮೊದಲ ಅಂಗಳ, ಶಾಲೆಗೆ ಹೋಗುವ ಹುಡುಗರಿಗೆ ಎರಡನೆಯದು, ಹಬ್ಬಕ್ಕೆ ಮದುವೆಗೆ ಮೂರನೆಯದು ಎಂದು ನಾನು ಮನಸ್ಸಿನಲ್ಲೇ ಹಂಚಿಕೊಂಡೆ.

ನಿವೇಶನಗಳದ್ದು ಇನ್ನೊಂದು ವಿಶೇಷ. ಅತಿ ಸಣ್ಣದು 45 ಚದರ ಮೀಟರ್, ಅತಿ ದೊಡ್ಡದು 75. ಸಂಬಳದಲ್ಲಿ ಐದು ಪಟ್ಟು ಅಂತರವಿರುವ ಕುಟುಂಬಗಳಿಗೂ ನೆಲದಲ್ಲಿ ಎರಡು ಪಟ್ಟಿನ ಅಂತರವೂ ಇರಬಾರದು, ಬಡವನಿಗೂ ಉಳ್ಳವನಿಗೂ ಒಂದೇ ಅಂಗಳ ಇರಬೇಕು ಎಂಬುದು ಕೊರಿಯಾ ಅವರ ಹಟ. ಪ್ರತಿ ಮನೆ ತನ್ನ ನಿವೇಶನದಲ್ಲಿ ಬಿಡಿಯಾಗಿ ನಿಂತಿದೆ. ಪಕ್ಕದವರ ಒಪ್ಪಿಗೆಗೆ ಕಾಯದೆ ಯಾರು ಬೇಕಾದರೂ ಒಂದು ಕೋಣೆ ಹೆಚ್ಚಿಸಿಕೊಳ್ಳಬಹುದು. ಶೌಚಾಲಯಗಳನ್ನು ಮಾತ್ರ ಎರಡೆರಡು ಮನೆಗಳಿಗೆ ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿ, ಪೈಪು ಮೋರಿಗಳ ಖರ್ಚನ್ನು ಉಳಿಸಿದರು. ಇಟ್ಟಿಗೆ ಗೋಡೆ, ಇಳಿಜಾರು ಹೆಂಚಿನ ಮಾಡು. ಊರಿನ ಗೌಂಡಿಯೇ ಕಟ್ಟಬಲ್ಲ ಮನೆ. ಕಟ್ಟುವ ಹಣವೂ ಊರಿನ ಕೈಯಲ್ಲೇ ತಿರುಗುತ್ತದೆ.

ಬಡವ ಒಮ್ಮೆಲೇ ಪೂರ್ತಿ ಮನೆ ಕಟ್ಟಲಾರ. ಮಗನಿಗೆ ಕೆಲಸ ಸಿಕ್ಕಾಗ ಒಂದು ಕೋಣೆ, ಮಗಳ ಮದುವೆಗೆ ಮುಂಚೆ ಒಂದು ಪಡಸಾಲೆ, ಹೀಗೆ ಮನೆಯೂ ಕುಟುಂಬದ ಜೊತೆಗೇ ಬೆಳೆಯುತ್ತದೆ. ನಮ್ಮ ಹಿರಿಯರು ಕಟ್ಟಿದ್ದೂ ಹೀಗೆಯೇ ಅಲ್ಲವೇ? ಇಂದೋರಿನ ಅರಣ್ಯ ಬಡಾವಣೆಯಲ್ಲಿ ಬಾಲಕೃಷ್ಣ ದೋಶಿ ಅವರೂ ಇದೇ ದಾರಿ ಹಿಡಿದಿದ್ದರು. ಸುಮಾರು 6,500 ನಿವೇಶನ, ಬಡವರಿಗೆ ಅಡಿಪಾಯ, ನೀರು, ಶೌಚಾಲಯದ ವ್ಯವಸ್ಥೆ ಮಾಡಿಕೊಟ್ಟು, ಮೇಲಿನದನ್ನು ಕುಟುಂಬಗಳೇ ಕೈಲಾದಂತೆ ಕಟ್ಟಿಕೊಳ್ಳಲಿ ಎಂದು ಬಿಟ್ಟರು. ಮಾದರಿಗೆಂದು 80 ಮನೆಗಳನ್ನು ಮಾತ್ರ ಕಟ್ಟಿ ತೋರಿಸಿದರು. 1995ರಲ್ಲಿ ಅದಕ್ಕೆ ಆಗಾಖಾನ್ ಪ್ರಶಸ್ತಿ ಬಂತು.

ಮೂರು ದಿನ ಕಂಡದ್ದು

ಪುಸ್ತಕದ ಮಾತು ಇಷ್ಟು. ಕಣ್ಣಿಗೆ ಕಂಡದ್ದೇನು? ಹೆಂಚಿನ ಮಾಡಿನ ಮೊದಲ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಬಹಳಷ್ಟನ್ನು ಕೆಡವಿ ಎರಡು ಮೂರು ಅಂತಸ್ತಿನ ಕಾಂಕ್ರೀಟ್ ಮನೆ ಕಟ್ಟಿದ್ದಾರೆ. ಕೆಲವು ಅಂಗಳಗಳಲ್ಲಿ ಮರ ದೊಡ್ಡದಾಗಿ ನೆರಳು ಚೆಲ್ಲಿದೆ, ಕಟ್ಟೆಯ ಮೇಲೆ ಮುದುಕರು ಪತ್ರಿಕೆ ಓದುತ್ತಾರೆ. ಕೆಲವು ಅಂಗಳಗಳಲ್ಲಿ ಕಾರುಗಳು ಒಂದಕ್ಕೊಂದು ಮೂಗು ತಾಗಿಸಿ ನಿಂತಿವೆ, ಮಕ್ಕಳಿಗೆ ಜಾಗವಿಲ್ಲ. ಹಳ್ಳದಲ್ಲಿ ಅಲ್ಲಲ್ಲಿ ಪ್ಲಾಸ್ಟಿಕ್ಕು. ಏಳು ಮನೆಯ ಅಂಗಳವನ್ನು ಯಾರಾದರೂ ಗುಡಿಸುತ್ತಾರೆ. ಎಲ್ಲರದೂ ಆದ ದೊಡ್ಡ ಬಯಲನ್ನು ಗುಡಿಸುವವರು ಕಡಿಮೆ.

ಹುಡುಗಿಯ ವಹಿ ನೋಡಿ ನನಗೆ ಆಶ್ಚರ್ಯವಾಯಿತು. ನಕ್ಷೆಗಳ ಜೊತೆಗೆ ಪುಟಪುಟದಲ್ಲೂ ಹೊತ್ತಿನ ಪಟ್ಟಿ. ಬೆಳಗ್ಗೆ ಆರಕ್ಕೆ ಅಂಗಳದಲ್ಲಿ ಯಾರು, ಹನ್ನೊಂದಕ್ಕೆ ಯಾರು, ಸಂಜೆ ಐದಕ್ಕೆ ಯಾರು, ಎಲ್ಲಿ ಕುಳಿತರು, ಏನು ಮಾಡಿದರು. ಅಕ್ಕಿ ಆರಿಸಿದರು, ಬಟ್ಟೆ ಒಣಗಿಸಿದರು, ಮಗುವಿಗೆ ಎಣ್ಣೆ ಹಚ್ಚಿದರು, ಜಗಳವಾಡಿದರು. "ಗ್ವಾಡಿ ಅಳೀಲಿಕ್ಕೆ ಎರಡು ದಿನ ಸಾಕ್ರಿ ಚಿಗವ್ವಾ. ಉಳಿದ ಆರು ವಾರ ಇದಕ್ಕs ಬೇಕು" ಎಂದಳು. ಮುಂಬಯಿಯಂಥ ಹವೆಯಲ್ಲಿ ವರ್ಷದ ಬಹುಭಾಗ ಆಕಾಶದ ಕೆಳಗಿನ ಜಾಗವನ್ನೂ ಮನೆಯ ಹಾಗೆ ಬಳಸಬಹುದು, ಬಡವರ ಮನೆಯಲ್ಲಿ ಅದೇ ದೊಡ್ಡ ಕೋಣೆ, ಎಂದು ಕೊರಿಯಾ ವಾದಿಸುತ್ತಿದ್ದರಂತೆ. ಆ ಪಟ್ಟಿಗಳನ್ನು ಓದಿದರೆ ಅದು ಬರೀ ವಾದವಲ್ಲ ಎಂದು ತಿಳಿಯುತ್ತದೆ.

ಎರಡನೆಯ ದಿನ ಒಂದು ಹಳೆಯ ಮನೆ ಕೆಡವುತ್ತಿದ್ದಲ್ಲಿ ನಮ್ಮ ಮಾತು ಕೇಳಿ ಒಬ್ಬ ಗೌಂಡಿ ಕೆಲಸ ನಿಲ್ಲಿಸಿ ಬಂದರು. ಇಂಡಿ ತಾಲೂಕಿನವರು. ಹೆಂಡತಿ ಮಕ್ಕಳೊಂದಿಗೆ ಬಂದು ಹದಿನಾರು ವರ್ಷವಾಯಿತಂತೆ. "ಈ ಮನಿ ಬಡವರಿಗಂತ ಕಟ್ಟಿದ್ರು ಅಂತ ಈ ತಂಗಿ ಹೇಳ್ತಾಳ್ರೀ ಅಕ್ಕಾರ. ಈಗ ಇದರ ಬೆಲಿ ಕೇಳ್ರಿ ನೋಡೂಣು" ಎಂದು ನಕ್ಕರು. ನಿಮ್ಮ ಮನೆ ಎಲ್ಲಿ ಎಂದು ಕೇಳಿದೆ. ಕೈಯಲ್ಲಿದ್ದ ಕರಣಿಯನ್ನು ಗುಡ್ಡದ ಕಡೆ ತೋರಿಸಿದರು. ಅಲ್ಲಿ ಪತ್ರಾ ಶೆಡ್ಡುಗಳ ಸಾಲು ಬಿಸಿಲಿಗೆ ಹೊಳೆಯುತ್ತಿತ್ತು.

ಅಂದು ರಾತ್ರಿ ಈ ಮಾತು ವಿದ್ಯಾರ್ಥಿಗಳ ನಡುವೆ ಚರ್ಚೆಯಾಯಿತು. ಒಳ್ಳೆಯ ನಕ್ಷೆ ಬಡವನಿಗೆ ಮನೆ ಕೊಡಿಸಬಲ್ಲುದು. ಆ ಮನೆ ಅವನ ಕೈಯಲ್ಲೇ ಉಳಿಯುವಂತೆ ಮಾಡುವುದು ನಕ್ಷೆಯ ಶಕ್ತಿಗೆ ಮೀರಿದ್ದು. ನೆಲದ ಬೆಲೆ ಏರಿದಾಗ ಮಾರಿ ಹೋಗುವ ಆಸೆ, ಸಾಲ, ಆಸ್ಪತ್ರೆಯ ಖರ್ಚು ಇವೆಲ್ಲ ನಕ್ಷೆಯಲ್ಲಿ ಕಾಣುವುದಿಲ್ಲ. ಹಾಗೆಂದು ಬೇಲಾಪುರ ಸೋತಿತೆನ್ನಲೂ ಬಾರದು. ಗೋಡೆ ಬದಲಾದರೂ, ಹೆಂಚು ಹೋದರೂ, ಏಳು ಮನೆಗೆ ಒಂದು ಅಂಗಳ ಎಂಬ ಲೆಕ್ಕ ನಲವತ್ತು ವರ್ಷಗಳ ನಂತರವೂ ನಿಂತಿದೆ. ಕಾರು ನಿಲ್ಲಿಸದ ಅಂಗಳಗಳಲ್ಲಿ ಸಂಜೆ ಹೊತ್ತು ಒಬ್ಬರ ಮನೆಯ ಚಹಾ ಇನ್ನೊಬ್ಬರ ಕಟ್ಟೆಗೆ ಬರುವುದನ್ನು ನಾನೇ ನೋಡಿದೆ.

ನಮ್ಮ ಸೊಲ್ಲಾಪುರದಲ್ಲಿ

ಇದನ್ನೆಲ್ಲ ನೋಡಲು ದೂರ ಹೋಗಬೇಕೆಂದೇನೂ ಇಲ್ಲ. ನಮ್ಮ ಕುಂಭಾರಿಯಲ್ಲಿ ಬೀಡಿ ಕಾರ್ಮಿಕ ಮಹಿಳೆಯರಿಗಾಗಿ ಗೋದೂತಾಯಿ ಪರುಳೇಕರ್ ಹೆಸರಿನ ವಸಾಹತು ಇದೆ. ನರಸಯ್ಯ ಆಡಂ ಅವರ ಮುಂದಾಳತ್ವದಲ್ಲಿ ಬೀಡಿ ಕಟ್ಟುವ ಹೆಂಗಸರು ವರ್ಷಗಟ್ಟಲೆ ಹೋರಾಡಿ ಪಡೆದ 10,000 ಮನೆಗಳು. 2006ರಲ್ಲಿ ಆಗಿನ ಪ್ರಧಾನಿ ಮನಮೋಹನ ಸಿಂಗ್ ಅವರಿಂದ ಹಸ್ತಾಂತರವಾಯಿತು. ಅದೇ ಕುಂಭಾರಿಯಲ್ಲಿ ಮಗ್ಗದವರು, ಬೀಡಿಯವರು, ಚಿಂದಿ ಆಯುವವರು, ಬೀದಿ ವ್ಯಾಪಾರಿಗಳು, ಚಾಲಕರು ಸೇರಿದ ಅಸಂಘಟಿತ ಕಾರ್ಮಿಕರಿಗಾಗಿ ರೇ ನಗರ ಎಂಬ 30,000 ಮನೆಗಳ ಯೋಜನೆ ಎದ್ದಿತು. ಅದರ ಮೊದಲ 15,000 ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಹಸ್ತಾಂತರಿಸಿದರು. ಸ್ವಂತ ಸೂರು ಕೇಳಿ ಪಡೆದ ಇಷ್ಟು ದೊಡ್ಡ ಕಾರ್ಮಿಕ ಸಮುದಾಯ ನಮ್ಮ ಊರಿನದು ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ.

ಗೋದೂತಾಯಿ ವಸಾಹತಿನಲ್ಲಿ ಮಧ್ಯಾಹ್ನ ಹೊತ್ತು ನಡೆದು ನೋಡಿ. ಮನೆಯ ಮುಂದೆ ಒಂದು ಚಪ್ಪರ, ಅದರ ಕೆಳಗೆ ಮೊರದಲ್ಲಿ ತುಂಬುರಿ ಎಲೆ, ತಂಬಾಕು, ನಾಲ್ಕು ಹೆಂಗಸರು, ನಾಲ್ಕು ಮಾತು. ಆ ನಾಲ್ಕು ಅಡಿಯ ಜಾಗವೇ ಅವರ ಕಾರ್ಖಾನೆ. ಸರಕಾರದ ಕಾಗದದಲ್ಲಿ ಮನೆ ಎಂದರೆ ಇಷ್ಟು ಚದರ ಅಡಿ ಎಂದಿರುತ್ತದೆ. ಕಾಗದದಲ್ಲಿ ಇಲ್ಲದ ಆ ನಾಲ್ಕು ಅಡಿ ಮನೆಯೊಳಗಿನ ಒಲೆಯನ್ನು ಉರಿಸುತ್ತದೆ.

ಸಹಿಗೆ ಮೊದಲು

ಅಕ್ಕನ ಮಗಳು ಊರಿಗೆ ಬಂದ ಮೇಲೆ ಚಾಳಿನ ಹನ್ನೆರಡು ಮನೆಯವರನ್ನು ಪಡಸಾಲೆಯಲ್ಲಿ ಕೂಡಿಸಿದಳು. ಫ್ಲಾಟ್ ಬೇಡ ಎಂದು ಅವಳು ಹೇಳಲಿಲ್ಲ. ಸೋರುವ ಮಾಡಿನ ಕೆಳಗೆ ಇರುವವರಿಗೆ ಹಾಗೆ ಹೇಳುವುದು ಸುಲಭವೂ ಅಲ್ಲ, ಸರಿಯೂ ಅಲ್ಲ. ಕೇಳಬೇಕಾದುದನ್ನು ಮಾತ್ರ ಬರೆದುಕೊಟ್ಟಳು. ಬಿಲ್ಡರ್ ಒಂದಕ್ಕೆ ಉತ್ತರ ಕೊಟ್ಟಿದ್ದಾನೆ: ನೆಲಮಹಡಿಯ ಎರಡು ಮನೆಗಳನ್ನು ವಯಸ್ಸಾದವರಿರುವ ಕುಟುಂಬಗಳಿಗೆ ಬಿಡುತ್ತಾನಂತೆ. ಚಾಳಿನಲ್ಲಿ ಅಂಥ ಕುಟುಂಬಗಳು ಐದು. ಹೀಗಾಗಿ ಸಹಿ ಇನ್ನೂ ಆಗಿಲ್ಲ. ಮಾತು ನಡೆದಿದೆ.

ನಮ್ಮ ಓದುಗರಲ್ಲಿಯೂ ಹಳೆಯ ಚಾಳಿನಲ್ಲಿ, ವಠಾರದಲ್ಲಿ ಇರುವವರು ಬಹಳ ಜನರಿದ್ದಾರೆ. ಇಂದಲ್ಲ ನಾಳೆ ಇಂಥ ಪತ್ರ ನಿಮ್ಮ ಬಾಗಿಲಿಗೂ ಬಂದೀತು. ಅವಳು ಬರೆದುಕೊಟ್ಟ ಪ್ರಶ್ನೆಗಳನ್ನು ಆದ್ದರಿಂದ ಇಲ್ಲಿ ಕೊಡುತ್ತಿದ್ದೇನೆ.

1. ಮಹಡಿ ಹತ್ತಲಾರದವರಿಗೆ ನೆಲಮಹಡಿಯಲ್ಲಿ ಎಷ್ಟು ಮನೆಗಳು? ಅದು ಬರವಣಿಗೆಯಲ್ಲಿ ಇದೆಯೇ?

2. ಲಿಫ್ಟ್, ನೀರಿನ ಪಂಪು, ಮೆಟ್ಟಿಲಿನ ದೀಪ ಇವುಗಳ ತಿಂಗಳ ಖರ್ಚು ಮನೆಗೆ ಎಷ್ಟು? ಒಂದು ಮನೆಯವರು ಕಟ್ಟಲಾಗದೆ ಹೋದರೆ ಏನು?

3. ಬಾಗಿಲ ಹೊರಗೆ ಕುಳಿತು ಕೆಲಸ ಮಾಡಲು ಪ್ರತಿ ಮಹಡಿಯಲ್ಲಿ ಗಾಳಿ ಬೆಳಕಿರುವ ಜಾಗ ಇದೆಯೇ? ಅಥವಾ ಬರೀ ಓಡಾಡುವ ಇಕ್ಕಟ್ಟು ಮಾತ್ರವೇ?

4. ಮಕ್ಕಳು ಆಡುವ ಅಂಗಳ ನಕ್ಷೆಯಲ್ಲಿ ಎಲ್ಲಿದೆ? ಮುಂದೆ ಅದು ಗಾಡಿ ನಿಲ್ಲಿಸುವ ಜಾಗವಾಗದಂತೆ ಯಾರು ಕಾಯುತ್ತಾರೆ?

5. ಕಟ್ಟಡ ಮುಗಿಯುವವರೆಗೆ ಬಾಡಿಗೆ ಯಾರು ಕೊಡುತ್ತಾರೆ, ಎಲ್ಲಿಯವರೆಗೆ?

6. ಮನೆಯ ಕಾಗದ ಯಾರ ಹೆಸರಿನಲ್ಲಿ? ಮನೆಯ ಹೆಣ್ಣುಮಗಳ ಹೆಸರೂ ಅದರಲ್ಲಿ ಇದೆಯೇ?

ಆರೂ ಪ್ರಶ್ನೆಗಳಿಗೆ ಒಳ್ಳೆಯ ಉತ್ತರ ಸಿಕ್ಕಲಿಕ್ಕಿಲ್ಲ. ಕೇಳುವ ಮೊದಲೇ ಸಹಿ ಹಾಕಿದರೆ ಮಾತ್ರ ಒಂದಕ್ಕೂ ಸಿಗುವುದಿಲ್ಲ. ಒಬ್ಬೊಬ್ಬರೇ ಹೋಗಬೇಡಿ, ಹನ್ನೆರಡು ಮನೆಯವರೂ ಕೂಡಿ ಹೋಗಿ ಕೇಳಿ. ಜೊತೆಗೆ ಮನೆಯ ಅತ್ಯಂತ ಹಿರಿಯರನ್ನು ಕರೆದುಕೊಂಡು ಹೋಗಿ. ನಕ್ಷೆಯನ್ನು ಅವರ ಮುಂದೆ ಬಿಡಿಸಿ, ಅವರು ಎಲ್ಲಿ ಕುಳಿತುಕೊಳ್ಳುತ್ತಾರೆಂದು ಬೆರಳಿಟ್ಟು ತೋರಿಸಲು ಹೇಳಿ.